ಮನೆ ಗೆದ್ದರೂ ಮಾರು ದೂರ: ರಷ್ಯಾದ ಮಿಡ್‌ಫೀಲ್ಡರ್‌ಗಳ ಆಟ ಮತ್ತು ಬದುಕು

ಚಿಲಿ ದೇಶದ ಉತ್ತರದ ತುದಿಯಲ್ಲಿ, ಮರುಭೂಮಿ ಕಡಲನ್ನು ಮುಟ್ಟುವಲ್ಲಿ, ಅರಿಕಾ ಎಂಬ ಊರಿದೆ. 1962ರ ಜೂನ್ 6ರಂದು ಅಲ್ಲಿ ವಿಶ್ವಕಪ್ ಪಂದ್ಯ. ಸೋವಿಯತ್ ಒಕ್ಕೂಟಕ್ಕೂ ಉರುಗ್ವೆಗೂ ತಲಾ ಒಂದು ಗೋಲು. ಆಗ ಇಗೊರ್ ಚಿಸ್ಲೆಂಕೊ ಒದ್ದ ಚೆಂಡು ಬಲೆಯೊಳಗೆ ಬಿದ್ದದ್ದು ಎಲ್ಲರಿಗೂ ಕಂಡಿತು. ಇಟಲಿಯ ರೆಫರಿ ಗೋಲು ಎಂದು ಸಾರಿದರು. ಉರುಗ್ವೆಯವರು ಅವರನ್ನು ಮುತ್ತಿಕೊಂಡು ಕೂಗಾಡತೊಡಗಿದರು. ಸೋವಿಯತ್ ತಂಡದ ನಾಯಕ ಇಗೊರ್ ನೆಟ್ಟೊ ಸುಮ್ಮನೆ ಚಿಸ್ಲೆಂಕೊ ಬಳಿಗೆ ಹೋಗಿ ನಿಜ ಏನೆಂದು ಕೇಳಿದರು. ಚೆಂಡು ಕಂಬದ ಹೊರಮಗ್ಗುಲಿನಿಂದ ಹೋಗಿ, ಪಕ್ಕದ ಬಲೆಯಲ್ಲಿದ್ದ ತೂತಿನೊಳಗೆ ನುಸುಳಿತ್ತು. ನೆಟ್ಟೊ ನೆಟ್ಟಗೆ ರೆಫರಿಯ ಮುಂದೆ ನಿಂತು ಕೈಸನ್ನೆಯಲ್ಲೇ ತಿಳಿಸಿದರು: ಅದು ಗೋಲಲ್ಲ. ರೆಫರಿ ಗೋಲನ್ನು ರದ್ದು ಮಾಡಿದರು.

ಪಂದ್ಯ ಮುಗಿಯಲು ಒಂದೇ ನಿಮಿಷ ಉಳಿದಿದ್ದಾಗ ವಲೆಂತಿನ್ ಇವಾನೊವ್ ಗೋಲು ಹೊಡೆದು ಸೋವಿಯತ್ ತಂಡ 2–1ರಿಂದ ಗೆದ್ದಿತು. ಆದರೆ ನೆಟ್ಟೊ ಆ ಮಾತು ಹೇಳಿದಾಗ ಗೆಲುವು ಬರುತ್ತದೆಂದು ಯಾರಿಗೂ ಗೊತ್ತಿರಲಿಲ್ಲ. ಕೈಗೆ ಬಂದ ಗೋಲನ್ನು ಬೇಡವೆಂದು ಹಿಂದಿರುಗಿಸಿದ ನಾಯಕ ಎಂದು ರಷ್ಯಾದ ಫುಟ್‌ಬಾಲ್ ಬಲ್ಲವರು ಇಂದಿಗೂ ಅವರನ್ನು ನೆನೆಯುತ್ತಾರೆ.

ನೆಟ್ಟೊ ಆಡುತ್ತಿದ್ದದ್ದು ಮೈದಾನದ ನಡುಭಾಗದಲ್ಲಿ. ಮಿಡ್‌ಫೀಲ್ಡರ್‌ಗೆ ರಷ್ಯನ್ ಭಾಷೆಯಲ್ಲಿ ‘ಪೊಲುಜಶಿತ್ನಿಕ್’ ಎನ್ನುತ್ತಾರೆ. ಬಿಡಿಸಿ ಹೇಳಿದರೆ ‘ಅರ್ಧ ರಕ್ಷಕ’. ಹಿಂದಿನವರಿಗೆ ಆಸರೆಯಾಗಬೇಕು, ಮುಂದಿನವರಿಗೆ ದಾರಿ ತೆರೆಯಬೇಕು, ಎರಡೂ ಕಡೆಯವರ ಬೈಗುಳಕ್ಕೆ ಕಿವಿಗೊಡಬೇಕು. ಈ ಜಾಗಕ್ಕೆ ರಷ್ಯಾ ಕೊಟ್ಟಷ್ಟು ಚೆಲುವಿನ ಆಟಗಾರರನ್ನು ಆ ದೇಶ ಬೇರೆ ಯಾವ ಜಾಗಕ್ಕೂ ಕೊಟ್ಟಿಲ್ಲ ಎಂಬುದು ನನ್ನ ಎಣಿಕೆ. ಗೋಲ್‌ಕೀಪರ್ ಲೆವ್ ಯಾಶಿನ್ ಹೆಸರು ಜಗತ್ತಿಗೇ ಗೊತ್ತು, ನಿಜ. ಆದರೆ ನೆಟ್ಟೊ, ವೊರೊನಿನ್, ಚೆರೆಂಕೊವ್, ಮೊಸ್ತೊವೊಯ್, ಅಲೆನಿಚೆವ್, ಅರ್ಶವಿನ್, ಗೊಲೊವಿನ್ ಎಂದು ಸಾಲು ಹಿಡಿದರೆ ಎಪ್ಪತ್ತು ವರ್ಷಗಳ ಉದ್ದಕ್ಕೆ ಒಂದೇ ಮನೆತನದ ಆಟ ಕಾಣುತ್ತದೆ: ಕಡಿಮೆ ಸ್ಪರ್ಶ, ಬೇಗ ಕೊಡುವ ಪಾಸ್, ತಲೆ ಎತ್ತಿಕೊಂಡ ಓಟ.

ಅದೇ ಸಾಲನ್ನು ಮತ್ತೊಮ್ಮೆ ನೋಡಿದರೆ ಎದೆ ಭಾರವಾಗುತ್ತದೆ. ಈ ಆಟಗಾರರಲ್ಲಿ ಹೆಚ್ಚಿನವರ ವೃತ್ತಿಜೀವನ ಎಲ್ಲೋ ಒಂದು ಕಡೆ ಮೊಟಕಾಗಿದೆ. ಕೆಲವರಿಗೆ ದೇಶ ಬಿಡಲು ಆಗಲಿಲ್ಲ, ಕೆಲವರು ಬಿಟ್ಟು ಹೋಗಿ ತಾಯ್ನಾಡಿನ ತಂಡದಲ್ಲಿ ಜಾಗ ಕಳೆದುಕೊಂಡರು, ಕೆಲವರು ಮನೆಯಲ್ಲೇ ಸಿಕ್ಕ ಸಂಬಳದಲ್ಲಿ ಉಳಿದುಬಿಟ್ಟರು. ಹೀಗೇಕೆ ಎಂದು ಕೇಳಿದರೆ ಸಿಗುವ ಸಿದ್ಧ ಉತ್ತರ ಒಂದೇ: ಅವರ ಸ್ವಭಾವವೇ ಹಾಗೆ. ಸೋಮಾರಿಗಳು, ಮನೆಯ ಹಂಬಲದವರು, ಕಷ್ಟ ಬಂದರೆ ಮುದುಡಿಕೊಳ್ಳುವವರು. ಈ ಉತ್ತರವನ್ನು ನಾನು ಒಪ್ಪುವುದಿಲ್ಲ. ಮೈದಾನದಲ್ಲಿ ಚೆಂಡು ಯಾರಿಗೆ ಹೋಗಬೇಕೆಂದು ತೀರ್ಮಾನಿಸುತ್ತಿದ್ದವರು ಇವರು. ಇವರು ಎಲ್ಲಿಗೆ ಹೋಗಬೇಕೆಂದು ತೀರ್ಮಾನಿಸುತ್ತಿದ್ದವರು ಮಾತ್ರ ಯಾವಾಗಲೂ ಬೇರೆಯವರು. ಸರ್ಕಾರ, ಕೋಚ್, ಕ್ಲಬ್ಬಿನ ಯಜಮಾನ, ಫೆಡರೇಷನ್ನಿನ ನಿಯಮ.

ಇಲ್ಲಿ ‘ರಷ್ಯಾದ’ ಎಂಬ ಮಾತನ್ನೂ ಸ್ವಲ್ಪ ಎಚ್ಚರದಿಂದ ಬಳಸಬೇಕು. ನೆಟ್ಟೊ ಮಾಸ್ಕೊದಲ್ಲಿ ಹುಟ್ಟಿದವರಾದರೂ ಮನೆತನದ ಮೂಲ ಎಸ್ಟೋನಿಯಾ. ಸೋವಿಯತ್ ಒಕ್ಕೂಟ ಒಡೆದ ಮೇಲೆ 1992ರ ಆಗಸ್ಟ್‌ನಲ್ಲಿ ಮೆಕ್ಸಿಕೊ ವಿರುದ್ಧ ರಷ್ಯಾ ತಂಡದ ಮೊಟ್ಟಮೊದಲ ಗೋಲು ಹೊಡೆದ ವಲೇರಿ ಕಾರ್ಪಿನ್ ಹುಟ್ಟಿದ್ದು ಎಸ್ಟೋನಿಯಾದ ನಾರ್ವಾದಲ್ಲಿ. ಅಲಾನ್ ಜಗೊಯೆವ್ ಬೆಸ್ಲಾನಿನ ಒಸ್ಸೆಟಿಯನ್. ಸೋವಿಯತ್ ತಂಡದ ನಡುಭಾಗವನ್ನು ಉಕ್ರೇನಿನವರೂ ಜಾರ್ಜಿಯಾದವರೂ ಹೊತ್ತಿದ್ದರು. ಅವರ ಕತೆ ಅವರದೇ, ಅದನ್ನು ಇಲ್ಲಿ ಸೇರಿಸಿಕೊಂಡರೆ ತಪ್ಪಾದೀತು.

ನೆಟ್ಟೊ ಕಾಲಕ್ಕೆ ಹಿಂದಿರುಗೋಣ. 1930ರ ಜನವರಿಯಲ್ಲಿ ಹುಟ್ಟಿದವರು. 1949ರಿಂದ 1966ರವರೆಗೆ ಸ್ಪಾರ್ಟಕ್ ಮಾಸ್ಕೊ ಕ್ಲಬ್ ಒಂದಕ್ಕೇ ಆಡಿದರು. ಉದ್ದ ಕತ್ತಿನ ಕಾರಣಕ್ಕೆ ‘ಹೆಬ್ಬಾತು’ ಎಂಬ ಅಡ್ಡಹೆಸರು. ಐದು ಸಲ ಲೀಗ್ ಗೆದ್ದರು. 1956ರ ಮೆಲ್ಬರ್ನ್ ಒಲಿಂಪಿಕ್ಸ್ ಚಿನ್ನ, 1960ರಲ್ಲಿ ಪ್ಯಾರಿಸ್ಸಿನಲ್ಲಿ ಫೈನಲ್ ನಡೆದ ಮೊದಲ ಯುರೋಪಿಯನ್ ನೇಷನ್ಸ್ ಕಪ್, ಎರಡನ್ನೂ ನಾಯಕನಾಗಿ ಎತ್ತಿದರು. ಎರಡೂ ಸಲ ಫೈನಲ್‌ನಲ್ಲಿ ಸೋತದ್ದು ಯುಗೊಸ್ಲಾವಿಯಾ. ಮೆಲ್ಬರ್ನ್‌ನಲ್ಲಿ ಆ ಯುಗೊಸ್ಲಾವಿಯಾವೇ ಸೆಮಿಫೈನಲ್‌ನಲ್ಲಿ ಭಾರತವನ್ನು 4–1ರಿಂದ ಸೋಲಿಸಿತ್ತು. ಭಾರತ ನಾಲ್ಕನೆಯ ಸ್ಥಾನ ಪಡೆದ ಆ ತಂಡದಲ್ಲಿ ನಮ್ಮ ಬೆಂಗಳೂರಿನ ಕೆಂಪಯ್ಯ ಇದ್ದರು. ಅವರದೂ ನೆಟ್ಟೊ ಅವರದೇ ಜಾಗ, ಹಾಫ್‌ಬ್ಯಾಕ್. ಭಾರತ ಯುಗೊಸ್ಲಾವಿಯಾವನ್ನು ದಾಟಿದ್ದರೆ ಫೈನಲ್‌ನಲ್ಲಿ ಇವರಿಬ್ಬರ ತಂಡಗಳು ಎದುರಾಗುತ್ತಿದ್ದವು. ಈ ಒಂದು ಎಳೆಯನ್ನು ಹಿಡಿದುಕೊಂಡೇ ನಾನು ಈ ವಿಷಯದೊಳಗೆ ಬಂದವನು.

ನೆಟ್ಟೊ ಬೇರೆ ದೇಶದ ಕ್ಲಬ್ಬಿಗೆ ಹೋಗಬಹುದಿತ್ತೇ ಎಂಬ ಪ್ರಶ್ನೆಯೇ ಆ ಕಾಲದಲ್ಲಿ ಇರಲಿಲ್ಲ. ಕಾಗದದ ಮೇಲೆ ಸೋವಿಯತ್ ದೇಶದಲ್ಲಿ ವೃತ್ತಿಪರ ಆಟಗಾರರೇ ಇಲ್ಲ. ಸೈನ್ಯದ ತಂಡದಲ್ಲಿದ್ದವನು ಸೈನಿಕ, ಡೈನಮೊದಲ್ಲಿದ್ದವನು ಗೃಹ ಇಲಾಖೆಯ ನೌಕರ, ಲೊಕೊಮೊತಿವ್ ರೈಲ್ವೆಯದು, ಟಾರ್ಪಿಡೊ ಮೋಟಾರು ಕಾರ್ಖಾನೆಯದು. ಸಂಬಳ ಕೆಲಸಕ್ಕೆ, ಆಟ ಹವ್ಯಾಸಕ್ಕೆ ಎಂಬ ಲೆಕ್ಕ. ಆಟಗಾರನನ್ನು ಒಂದು ತಂಡದಿಂದ ಇನ್ನೊಂದಕ್ಕೆ ಕಳಿಸಲು ಸೈನ್ಯಕ್ಕೆ ಕರೆ ಬಂದರೂ ಸಾಕಿತ್ತು.

ಟಾರ್ಪಿಡೊದ ವಲೇರಿ ವೊರೊನಿನ್ ಅವರದು ಆ ಕಾಲದ ಅತ್ಯಂತ ಕಹಿಯಾದ ಕತೆ. 1964 ಮತ್ತು 1965, ಎರಡು ವರ್ಷ ಸತತವಾಗಿ ಸೋವಿಯತ್ ದೇಶದ ಶ್ರೇಷ್ಠ ಆಟಗಾರ. 1966ರ ಇಂಗ್ಲೆಂಡ್ ವಿಶ್ವಕಪ್‌ನಲ್ಲಿ ತಂಡ ಸೆಮಿಫೈನಲ್ ಮುಟ್ಟಿದಾಗ ನಡುಭಾಗದ ಬೆನ್ನೆಲುಬು ಅವರೇ. ಚೆಲುವ, ಒಳ್ಳೆಯ ಬಟ್ಟೆಯ ಮೋಹ, ಪುಸ್ತಕ–ಸಿನಿಮಾದವರ ಒಡನಾಟ. 1968ರಲ್ಲಿ ಕಾರು ಓಡಿಸುತ್ತ ನಿದ್ದೆಗೆ ಜಾರಿ ಅಪಘಾತವಾಯಿತು. ಮುಖ, ತಲೆ, ಮೈ ಎಲ್ಲಕ್ಕೂ ಪೆಟ್ಟು. ಮತ್ತೆ ಆಡಲು ಹೆಣಗಿದರು, ಆಗಲಿಲ್ಲ. ಕುಡಿತ ಹತ್ತಿತು. 1984ರ ಮೇ ತಿಂಗಳಲ್ಲಿ ಮಾಸ್ಕೊದ ರಸ್ತೆಬದಿಯಲ್ಲಿ ತಲೆಗೆ ಏಟು ತಿಂದು ಬಿದ್ದಿದ್ದ ಅವರನ್ನು ಯಾರೋ ಕಂಡರು, ಆಸ್ಪತ್ರೆಯಲ್ಲಿ ತೀರಿಕೊಂಡರು. ವಯಸ್ಸು 44. ಹೊಡೆದವರು ಯಾರೆಂದು ಪತ್ತೆಯಾಗಲೇ ಇಲ್ಲ. ಆಟ ನಿಂತ ದಿನದಿಂದ ಸಾಯುವವರೆಗಿನ ಹದಿನೈದು ವರ್ಷ, ದೇಶದ ಶ್ರೇಷ್ಠ ಆಟಗಾರನಾಗಿದ್ದವನನ್ನು ಕೈಹಿಡಿದು ನಡೆಸುವ ಏರ್ಪಾಡು ಆ ವ್ಯವಸ್ಥೆಯಲ್ಲಿ ಇರಲಿಲ್ಲ ಎಂಬುದು ನನಗೆ ಅವರ ಕುಡಿತಕ್ಕಿಂತ ದೊಡ್ಡ ಸಂಗತಿಯಾಗಿ ಕಾಣುತ್ತದೆ.

ನನ್ನ ಮಟ್ಟಿಗೆ ಈ ಇಡೀ ಚರ್ಚೆಯ ನಡುಮನೆ ಫ್ಯೋದರ್ ಚೆರೆಂಕೊವ್.

1959ರ ಜುಲೈ 25ರಂದು ಹುಟ್ಟಿ, ಮಾಸ್ಕೊದ ಪಶ್ಚಿಮದ ಅಂಚಿನ ಕುಂತ್ಸೆವೊದಲ್ಲಿ ಬೆಳೆದವರು. ಸೋವಿಯತ್ ಕಾಲದ ವಸತಿ ಕಟ್ಟಡಗಳ ನಡುವೆ ‘ಕೊರೊಬ್ಕಾ’ ಎಂಬ ಅಂಗಳ ಇರುತ್ತಿತ್ತು, ಈಗಲೂ ಇದೆ. ಕೊರೊಬ್ಕಾ ಎಂದರೆ ಪೆಟ್ಟಿಗೆ. ಸುತ್ತ ಎದೆಮಟ್ಟದ ಹಲಗೆ ಬೇಲಿ. ಚಳಿಗಾಲದಲ್ಲಿ ನೀರು ಹಾಯಿಸಿದರೆ ಹೆಪ್ಪುಗಟ್ಟಿ ಹಾಕಿ ಅಂಗಳ. ಹಿಮ ಕರಗಿದ ಮೇಲೆ ಫುಟ್‌ಬಾಲ್. ಜಾಗ ಕಿರಿದು, ಹುಡುಗರು ಹೆಚ್ಚು. ಚೆಂಡು ಹೊರಗೆ ಹೋಗುವುದಿಲ್ಲ, ಹಲಗೆಗೆ ಬಡಿದು ಮತ್ತೆ ಕಾಲಿಗೇ ಬರುತ್ತದೆ. ಎದುರಾಳಿಯನ್ನು ದಾಟಲು ಹಲಗೆಗೆ ಒದ್ದು, ಅವನ ಇನ್ನೊಂದು ಪಕ್ಕದಿಂದ ಓಡಿ ಚೆಂಡನ್ನು ಹಿಡಿಯುವುದು ಅಲ್ಲಿನ ಮಕ್ಕಳ ಮೊದಲ ಪಾಠ. ಸ್ಪಾರ್ಟಕ್ ಕ್ಲಬ್ಬಿನ ಹೆಸರುವಾಸಿ ಆಟಕ್ಕೆ ‘ಸ್ತೆಂಕಾ’, ಅಂದರೆ ಗೋಡೆ, ಎಂದೇ ಹೆಸರು: ಜೊತೆಗಾರನಿಗೆ ಚೆಂಡು ಕೊಟ್ಟು ನಿಲ್ಲದೆ ಓಡು, ಅವನು ಗೋಡೆಯಂತೆ ಒಂದೇ ಸ್ಪರ್ಶದಲ್ಲಿ ಹಿಂದಿರುಗಿಸುತ್ತಾನೆ. ಅಂಗಳದ ಹಲಗೆಯ ಜಾಗದಲ್ಲಿ ಮನುಷ್ಯ ನಿಂತ, ಅಷ್ಟೇ. ಕೋಚ್ ಕಾನ್‌ಸ್ತಾಂತಿನ್ ಬೆಸ್ಕೊವ್ ಈ ಆಟವನ್ನು ದಿನದಿನವೂ ತಿದ್ದಿ ತೀಡಿದರು. ‘ಕ್ವಾದ್ರಾತ್’, ಅಂದರೆ ಚೌಕ, ಎಂಬ ಅಭ್ಯಾಸದಲ್ಲಿ ಸುತ್ತ ನಿಂತವರು ಚೆಂಡನ್ನು ತಂತಮ್ಮಲ್ಲೇ ಓಡಿಸುತ್ತಾರೆ, ನಡುವಿನವರು ಕಸಿಯಲು ನೋಡುತ್ತಾರೆ. ಆ ಚೌಕದಲ್ಲಿ ಸಣಕಲು ಮೈಯ, ಗುಂಗುರು ಕೂದಲಿನ ಚೆರೆಂಕೊವ್ ಕಾಲಿನಿಂದ ಚೆಂಡು ಕಸಿಯುವುದು ಹುಡುಗಾಟದ ಮಾತಾಗಿರಲಿಲ್ಲ.

ನಾನು ಅವರ ಆಟ ನೋಡಿದ್ದು ಹಳೆಯ, ಮಸುಕು ವಿಡಿಯೊ ತುಣುಕುಗಳಲ್ಲಿ. ಮೊದಲ ಸಲ ನೋಡಿದಾಗ ಏನೂ ವಿಶೇಷ ಕಾಣಲಿಲ್ಲ. ನಾಲ್ಕೈದು ಸಲ ನೋಡಿದ ಮೇಲೆ ಗೊತ್ತಾಯಿತು: ಚೆಂಡು ಬರುವ ಮೊದಲೇ ಅವರು ಒಮ್ಮೆ ಹೆಗಲ ಮೇಲಿಂದ ಹಿಂದೆ ನೋಡುತ್ತಾರೆ, ಆಮೇಲೆ ಚೆಂಡನ್ನು ನಿಲ್ಲಿಸುವುದೇ ಇಲ್ಲ. ಸುತ್ತಲಿನ ನಾಲ್ವರು ಅವರ ಕಾಲನ್ನು ನೋಡುತ್ತಿರುವಾಗ ಚೆಂಡು ಆಗಲೇ ಬೇರೆಯವನ ಬಳಿ ಇರುತ್ತದೆ.

ಇಪ್ಪತ್ತನೆಯ ವಯಸ್ಸಿನಲ್ಲಿ, 1980ರ ಜೂನ್‌ನಲ್ಲಿ, ಮರಕಾನಾ ಮೈದಾನದಲ್ಲಿ ಬ್ರೆಜಿಲ್ ವಿರುದ್ಧ ಗೋಲು ಹೊಡೆದರು. ಸೋವಿಯತ್ ತಂಡ 2–1ರಿಂದ ಗೆದ್ದಿತು. 1982ರ ಸೆಪ್ಟೆಂಬರ್‌ನಲ್ಲಿ ಸ್ಪಾರ್ಟಕ್ ಲಂಡನ್ನಿಗೆ ಹೋಗಿ ಆರ್ಸೆನಲ್ ತಂಡವನ್ನು ಅದರ ಅಂಗಳದಲ್ಲೇ 5–2ರಿಂದ ಸೋಲಿಸಿದಾಗ ಎದುರಾಳಿಯ ಅಭಿಮಾನಿಗಳೇ ಎದ್ದುನಿಂತು ಚಪ್ಪಾಳೆ ತಟ್ಟಿದರು. 1983 ಪೂರಾ ಅವರ ವರ್ಷ: ಏಪ್ರಿಲ್‌ನಲ್ಲಿ ಪೋರ್ಚುಗಲ್ ವಿರುದ್ಧ 5–0 ಗೆಲುವಿನಲ್ಲಿ ಎರಡು ಗೋಲು, ನವೆಂಬರ್‌ನಲ್ಲಿ ಆಸ್ಟನ್ ವಿಲ್ಲಾ ವಿರುದ್ಧ ಇಂಗ್ಲೆಂಡಿನಲ್ಲಿ ಎರಡು ಗೋಲು, ವರ್ಷದ ಕೊನೆಗೆ ದೇಶದ ಶ್ರೇಷ್ಠ ಆಟಗಾರ ಎಂಬ ಗೌರವ. ಕ್ಲಬ್ಬು, ರಾಷ್ಟ್ರೀಯ ತಂಡ, ಒಲಿಂಪಿಕ್ ತಂಡ, ಮೂರಕ್ಕೂ ಆಡಿ ಆಡಿ ಅದೇ ವರ್ಷ ದೇಹ ಮನಸ್ಸು ಎರಡೂ ಸೋತವು. 1984ರ ವಸಂತದಲ್ಲಿ ಮಾನಸಿಕ ಕಾಯಿಲೆಯ ಮೊದಲ ಲಕ್ಷಣಗಳು ಕಾಣಿಸಿದವು. ಆಸ್ಪತ್ರೆ, ಚೇತರಿಕೆ, ಮತ್ತೆ ಆಟ, ಮತ್ತೆ ಆಸ್ಪತ್ರೆ: ಮುಂದಿನ ಬದುಕೆಲ್ಲ ಹೀಗೇ ಸಾಗಿತು. ಆ ನಡುವೆಯೇ 1987 ಮತ್ತು 1989ರಲ್ಲಿ ಸ್ಪಾರ್ಟಕ್ ಲೀಗ್ ಗೆದ್ದಿತು; 1989ರಲ್ಲಿ ಅವರು ಎರಡನೆಯ ಸಲ ದೇಶದ ಶ್ರೇಷ್ಠ ಆಟಗಾರರಾದರು.

ಇಂಥ ಆಟಗಾರ ಒಂದೇ ಒಂದು ವಿಶ್ವಕಪ್ ಆಡಲಿಲ್ಲ. 1982ರಲ್ಲಿ ತಂಡದ ಮುಖ್ಯ ಕೋಚ್ ಸ್ವತಃ ಬೆಸ್ಕೊವ್, ಅವರದೇ ಕ್ಲಬ್ಬಿನ ಗುರು. ಜೊತೆಗೆ ಕೀವ್‌ನ ವಲೇರಿ ಲೊಬನೊವ್‌ಸ್ಕಿ ಮತ್ತು ಟಿಬಿಲಿಸಿಯ ನೊದಾರ್ ಅಖಲ್ಕಾತ್ಸಿ. ಮೂವರ ಪಟ್ಟಿಯಲ್ಲೂ ಚೆರೆಂಕೊವ್ ಹೆಸರು ಉಳಿಯಲಿಲ್ಲ. 1986ರ ವಿಶ್ವಕಪ್‌ಗೆ ತಂಡ ಅರ್ಹತೆ ಪಡೆಯುವ ಹೊತ್ತಿನಲ್ಲಿ, 1985ರ ಅಕ್ಟೋಬರ್‌ನಲ್ಲಿ, ಐರ್ಲೆಂಡ್ ವಿರುದ್ಧ ಗೋಲು ಹೊಡೆದವರಲ್ಲಿ ಅವರೂ ಒಬ್ಬರು. ಆದರೆ ಟೂರ್ನಿಗೆ ಕೆಲವೇ ವಾರಗಳ ಮುಂಚೆ ಕೋಚ್ ಬದಲಾಗಿ ಲೊಬನೊವ್‌ಸ್ಕಿ ಬಂದರು, ಕೀವ್‌ನ ತಮ್ಮ ಆಟಗಾರರನ್ನು ತಂದರು, ಚೆರೆಂಕೊವ್ ಹೊರಗುಳಿದರು. 1988ರ ಯುರೋ ಕಪ್, 1990ರ ವಿಶ್ವಕಪ್, ಎರಡಕ್ಕೂ ಅದೇ ಕೋಚ್, ಅದೇ ಉತ್ತರ.

ಲೊಬನೊವ್‌ಸ್ಕಿಯವರನ್ನು ಖಳನಾಯಕ ಮಾಡುವುದು ಸುಲಭ, ಸ್ಪಾರ್ಟಕ್ ಅಭಿಮಾನಿಗಳು ಹಾಗೆ ಮಾಡಿಯೂ ಇದ್ದಾರೆ. ನ್ಯಾಯವಾಗಿ ನೋಡಿದರೆ ಅವರ ವಾದಕ್ಕೂ ತೂಕ ಇತ್ತು. ಹನ್ನೊಂದು ಮಂದಿಯೂ ಒಂದೇ ಲಯದಲ್ಲಿ ಒತ್ತಡ ಹೇರಬೇಕು, ಪ್ರತಿಯೊಬ್ಬನ ಓಟವೂ ಲೆಕ್ಕಕ್ಕೆ ಸಿಗಬೇಕು ಎಂಬುದು ಅವರ ಪದ್ಧತಿ. ಆ ಪದ್ಧತಿಯಲ್ಲೇ ತಂಡ 1988ರ ಯುರೋ ಫೈನಲ್ ತಲುಪಿತು. ಚೆರೆಂಕೊವ್ ಆರೋಗ್ಯವೂ ನಂಬಿಕೆಗೆ ನಿಲುಕುವಂತಿರಲಿಲ್ಲ. ಆದರೂ 34 ಪಂದ್ಯಗಳಲ್ಲಿ 12 ಗೋಲು ಹೊಡೆದ ಮಿಡ್‌ಫೀಲ್ಡರ್‌ಗೆ ಮೂರು ವಿಶ್ವಕಪ್‌ಗಳಲ್ಲಿ ಬೆಂಚಿನ ಮೇಲೂ ಜಾಗ ಇಲ್ಲ ಎಂದರೆ ಲೆಕ್ಕದಲ್ಲಿ ಎಲ್ಲೋ ತಪ್ಪಿದೆ. ಅವರು ಮಾತ್ರ ಒಂದು ದಿನವೂ ಬಹಿರಂಗವಾಗಿ ದೂರಲಿಲ್ಲ.

1990ರಲ್ಲಿ ಗೆಳೆಯ ಸೆರ್ಗೆಯ್ ರೊದಿಯೊನೊವ್ ಜೊತೆ ಪ್ಯಾರಿಸ್ಸಿನ ಎರಡನೆಯ ದರ್ಜೆಯ ರೆಡ್ ಸ್ಟಾರ್ ಕ್ಲಬ್ಬಿಗೆ ಹೋದರು. ಆಗ ಅವರ ವಯಸ್ಸು 31. ಬೇಗನೇ ಹಿಂದಿರುಗಿದರು. ಮತ್ತೆ ಸ್ಪಾರ್ಟಕ್‌ಗೆ ಆಡಿ, 1994ರ ಆಗಸ್ಟ್‌ನಲ್ಲಿ ಇಟಲಿಯ ಪಾರ್ಮಾ ವಿರುದ್ಧದ ಪಂದ್ಯದಲ್ಲಿ ವಿದಾಯ ಹೇಳಿದರು. 2014ರ ಅಕ್ಟೋಬರ್ 4ರಂದು ತೀರಿಕೊಂಡರು. ಅಂತಿಮ ದರ್ಶನಕ್ಕೆ ಜಾಗ ಸಿಕ್ಕಿದ್ದು ಸ್ಪಾರ್ಟಕ್‌ನ ಬದ್ಧ ಎದುರಾಳಿ ಸಿಎಸ್‌ಕೆಎ ಕ್ಲಬ್ಬಿನ ಒಳಾಂಗಣದಲ್ಲಿ. ಮಾಸ್ಕೊದ ಎಲ್ಲ ಕ್ಲಬ್ಬುಗಳ ಶಾಲು ಹೊದ್ದವರೂ ಒಂದೇ ಸಾಲಿನಲ್ಲಿ ನಿಂತಿದ್ದರು. ‘ನರೋದ್ನಿ ಫುಟ್‌ಬಲಿಸ್ತ್’, ಜನರ ಆಟಗಾರ ಎಂದು ಅವರನ್ನು ಕರೆದದ್ದು ಆ ಸಾಲು.

ಮನೆ ಗೆದ್ದು ಮಾರು ಗೆಲ್ಲು ಎನ್ನುತ್ತೇವೆ. ಚೆರೆಂಕೊವ್ ಮನೆಯನ್ನು ಗೆದ್ದಷ್ಟು ಯಾರೂ ಗೆಲ್ಲಲಿಲ್ಲ. ಮಾರಿಗೆ ಹೋಗುವ ಬಾಗಿಲು ಅವರಿಗೆ ತೆರೆದದ್ದು ಮಾತ್ರ ಕಾಲಿನ ಕಸುವು ಇಳಿದ ಮೇಲೆ.

ಆ ಬಾಗಿಲು ನಿಜವಾಗಿ ತೆರೆದದ್ದು 1980ರ ದಶಕದ ಕೊನೆಗೆ, ದೇಶಕ್ಕೆ ವಿದೇಶಿ ಹಣದ ತುರ್ತು ಬಂದಾಗ. ಮೊದಮೊದಲು ಇಳಿವಯಸ್ಸಿನವರನ್ನು ಬಿಟ್ಟರು, ಅವರ ಬೆಲೆಯ ಬಹುಪಾಲು ಸರ್ಕಾರದ ಬೊಕ್ಕಸಕ್ಕೆ ಹೋಯಿತು. 1991ರ ಹೊತ್ತಿಗೆ ಕಟ್ಟೆ ಒಡೆದಂತೆ ಎಲ್ಲರೂ ಹೊರಟರು. ಇಗೊರ್ ಶಲಿಮೊವ್ ಇಟಲಿಯ ಫೋಜ್ಜಾಗೆ, ಅಲ್ಲಿಂದ ಮರುವರ್ಷ ಇಂಟರ್ ಮಿಲಾನ್‌ಗೆ. ಅಲೆಕ್ಸಾಂದರ್ ಮೊಸ್ತೊವೊಯ್ ಲಿಸ್ಬನ್ನಿನ ಬೆನ್‌ಫಿಕಾಗೆ.

ಹೊರಗೆ ಹೋಗಿ ಬೇರೆ ಕ್ಲಬ್ಬುಗಳ ಶಿಸ್ತು, ಸೌಕರ್ಯ ನೋಡಿದವರಿಗೆ ಮನೆಯ ಅವ್ಯವಸ್ಥೆ ಸಹಿಸಲಾಗಲಿಲ್ಲ. 1993ರ ನವೆಂಬರ್‌ನಲ್ಲಿ ಅಥೆನ್ಸ್‌ನಲ್ಲಿ ಗ್ರೀಸ್ ವಿರುದ್ಧ ಸೋತ ರಾತ್ರಿ 14 ಆಟಗಾರರು ಒಂದು ಪತ್ರಕ್ಕೆ ಸಹಿ ಹಾಕಿದರು: ಕೋಚ್ ಪಾವೆಲ್ ಸದಿರಿನ್ ಹೋಗಬೇಕು, ಅನತೋಲಿ ಬಿಶೊವೆತ್ಸ್ ಬರಬೇಕು, ಸೌಲಭ್ಯ ಸರಿಯಾಗಬೇಕು. ಫೆಡರೇಷನ್ ಒಪ್ಪಲಿಲ್ಲ. ಕೆಲವರು ಸಹಿ ಹಿಂದಕ್ಕೆ ಪಡೆದು 1994ರ ವಿಶ್ವಕಪ್‌ಗೆ ಹೋದರು, ಶಲಿಮೊವ್, ಕಂಚೆಲ್‌ಸ್ಕಿಸ್, ಕೊಲಿವಾನೊವ್ ಮುಂತಾದವರು ಹೋಗಲಿಲ್ಲ. ಆ ಟೂರ್ನಿಯಲ್ಲಿ ಒಲೆಗ್ ಸಲೆಂಕೊ ಕ್ಯಾಮರೂನ್ ವಿರುದ್ಧ ಒಂದೇ ಪಂದ್ಯದಲ್ಲಿ ಐದು ಗೋಲು ಹೊಡೆದ ದಾಖಲೆ ಎಲ್ಲರಿಗೂ ನೆನಪಿದೆ. ಆ ತಂಡ ಗುಂಪು ಹಂತದಲ್ಲೇ ಮನೆಗೆ ಮರಳಿತು ಎಂಬುದು ಮರೆತುಹೋಗಿದೆ. ಪತ್ರ ಬರೆದವರ ಬೇಡಿಕೆಯಲ್ಲಿ ಸ್ವಾರ್ಥವೂ ಇತ್ತು ಎನ್ನೋಣ. ಆದರೂ ಒಂದು ಪೀಳಿಗೆಯ ಅತ್ಯುತ್ತಮ ಕಾಲುಗಳನ್ನು ಮಾತುಕತೆಯ ಮೇಜಿನಲ್ಲೇ ಕಳೆದುಕೊಂಡ ಫೆಡರೇಷನ್ನಿನ ಹೊಣೆ ಅದಕ್ಕಿಂತ ದೊಡ್ಡದು.

ಮೊಸ್ತೊವೊಯ್ ಅವರಿಗೆ ಬೆನ್‌ಫಿಕಾದಲ್ಲಿ ಆಡಲು ಜಾಗ ಸಿಗಲಿಲ್ಲ. ಫ್ರಾನ್ಸಿನ ಕಾನ್, ಸ್ತ್ರಾಸ್‌ಬುರ್ಗ್ ಸುತ್ತಿ 1996ರಲ್ಲಿ ಸ್ಪೇನಿನ ವೀಗೊ ಎಂಬ ಮೀನುಗಾರಿಕೆಯ ಬಂದರು ಊರಿಗೆ, ಸೆಲ್ತಾ ಕ್ಲಬ್ಬಿಗೆ ಬಂದರು. ಎಂಟು ವರ್ಷ ಅಲ್ಲೇ ನೆಲೆಸಿದರು. ಊರಿನವರು ‘ಜಾರ್’ ಎಂದು ಕರೆದರು. ಜೊತೆಗೆ ಕಾರ್ಪಿನ್ ಇದ್ದರು. 1999–2000ರ ಯುಇಎಫ್‌ಎ ಕಪ್‌ನಲ್ಲಿ ಸೆಲ್ತಾ ಬೆನ್‌ಫಿಕಾವನ್ನು 7–0ರಿಂದ, ಯುವೆಂಟಸ್ ತಂಡವನ್ನು 4–0ರಿಂದ ಬಡಿಯಿತು. ತನ್ನನ್ನು ಬೆಂಚಿನಲ್ಲಿ ಕೂರಿಸಿದ ಕ್ಲಬ್ಬಿನ ವಿರುದ್ಧ ಏಳು ಗೋಲು! ಸ್ಪಾರ್ಟಕ್‌ನ ಸಣ್ಣ ಪಾಸಿನ ಆಟ ಅಟ್ಲಾಂಟಿಕ್ ದಡದಲ್ಲಿ ಬೇರುಬಿಟ್ಟ ಕಾಲ ಅದು. ಆದರೆ ಸೆಲ್ತಾ ಒಂದು ದೊಡ್ಡ ಕಪ್ಪನ್ನೂ ಗೆಲ್ಲಲಿಲ್ಲ. 2001ರ ಸ್ಪ್ಯಾನಿಷ್ ಕಪ್ ಫೈನಲ್‌ನಲ್ಲಿ ಮೊಸ್ತೊವೊಯ್ ಗೋಲು ಹೊಡೆದರೂ ತಂಡ ಜರಗೋಜಾಗೆ 1–3ರಿಂದ ಸೋತಿತು. 2004ರ ಯುರೋ ಕಪ್‌ನಲ್ಲಿ ಮೊದಲ ಪಂದ್ಯ ಸೋತ ಮೇಲೆ ತಂಡದ ತಯಾರಿ ಸರಿಯಿರಲಿಲ್ಲ ಎಂಬರ್ಥದ ಮಾತಾಡಿದರು. ಕೋಚ್ ಗೆಯೋರ್ಗಿ ಯಾರ್ತ್‌ಸೆವ್ ಅವರನ್ನು ಅಲ್ಲಿಂದಲೇ ಮನೆಗೆ ಕಳಿಸಿದರು. ರಾಷ್ಟ್ರೀಯ ತಂಡದ ಬಾಗಿಲು ಅಲ್ಲಿಗೆ ಮುಚ್ಚಿತು.

ಅದೇ ವರ್ಷ ದ್ಮಿತ್ರಿ ಅಲೆನಿಚೆವ್ ಬೇರೆ ಯಾವ ರಷ್ಯನ್ ಮಿಡ್‌ಫೀಲ್ಡರ್‌ಗೂ ಸಿಗದ ಎತ್ತರದಲ್ಲಿದ್ದರು. ಜೋಸೆ ಮೊರಿನ್ಯೊ ಅವರ ಪೋರ್ತೊ ತಂಡದಲ್ಲಿ 2003ರ ಯುಇಎಫ್‌ಎ ಕಪ್ ಫೈನಲ್‌ನಲ್ಲಿ ಗೋಲು, 2004ರ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ ಬದಲಿಯಾಗಿ ಬಂದು ದೆಕೊಗೆ ಗೋಲಿನ ಪಾಸ್ ಕೊಟ್ಟು, ನಾಲ್ಕು ನಿಮಿಷ ಕಳೆದ ಮೇಲೆ ತಾವೇ ಗೋಲು. ಅದಾದ ಕೂಡಲೇ ಮನೆಗೆ, ಸ್ಪಾರ್ಟಕ್‌ಗೆ ಮರಳಿದರು. 2006ರಲ್ಲಿ ಪತ್ರಿಕೆಯೊಂದಕ್ಕೆ ಸಂದರ್ಶನ ಕೊಟ್ಟು ಕೋಚ್ ಅಲೆಕ್ಸಾಂದರ್ಸ್ ಸ್ತಾರ್ಕೊವ್ಸ್ ಅವರನ್ನು ಟೀಕಿಸಿದರು. ಕ್ಲಬ್ ಅವರನ್ನು ತಂಡದಿಂದ ಹೊರಗಿಟ್ಟಿತು. ಯುರೋಪಿನ ಎರಡು ಫೈನಲ್‌ಗಳಲ್ಲಿ ಗೋಲು ಹೊಡೆದವರ ಆಟ ಮುಗಿದದ್ದು ಒಂದು ಸಂದರ್ಶನದಿಂದ.

ಆಮೇಲೆ ರಷ್ಯಾಕ್ಕೆ ದುಡ್ಡು ಬಂತು. ತೈಲ, ಅನಿಲದ ದುಡ್ಡು. ಸರ್ಕಾರಿ ಹಿಡಿತದ ಗಾಜ್‌ಪ್ರೋಮ್ ಸೇಂಟ್ ಪೀಟರ್ಸ್‌ಬರ್ಗಿನ ಜೆನಿತ್ ಕ್ಲಬ್ಬನ್ನು ಕೊಂಡಿತು. 2008ರ ಮೇ 14ರಂದು ಮ್ಯಾಂಚೆಸ್ಟರ್‌ನಲ್ಲಿ ಜೆನಿತ್ ರೇಂಜರ್ಸ್ ತಂಡವನ್ನು 2–0ರಿಂದ ಸೋಲಿಸಿ ಯುಇಎಫ್‌ಎ ಕಪ್ ಗೆದ್ದಾಗ ಎರಡು ಗೋಲುಗಳನ್ನೂ ಹೊಡೆದವರು ಮಿಡ್‌ಫೀಲ್ಡರ್‌ಗಳು, ಇಗೊರ್ ದೆನಿಸೊವ್ ಮತ್ತು ಕಾನ್‌ಸ್ತಾಂತಿನ್ ಜಿರಿಯಾನೊವ್. ಆಟ ಕಟ್ಟಿದವರು ಅಂದ್ರೆಯ್ ಅರ್ಶವಿನ್.

ಮುಂದಿನ ತಿಂಗಳ 21, ಯುರೋ ಕಪ್‌ನ ಕ್ವಾರ್ಟರ್‌ಫೈನಲ್. ನಮ್ಮಲ್ಲಿ ನಡುರಾತ್ರಿ ದಾಟಿತ್ತು. ಮನೆಯವರೆಲ್ಲ ಮಲಗಿದ್ದರಿಂದ ಟಿವಿಯ ಸದ್ದು ಅಡಗಿಸಿ ನೋಡುತ್ತಿದ್ದೆ. ಹೆಚ್ಚುವರಿ ಸಮಯದಲ್ಲಿ ನೆದರ್ಲೆಂಡ್ಸ್ ಆಟಗಾರರ ಕಾಲು ಸೋತಿದ್ದವು, ಅರ್ಶವಿನ್ ಮಾತ್ರ ಈಗಷ್ಟೇ ಬಂದವರಂತೆ ಎಡ ಅಂಚಿನಲ್ಲಿ ಓಡುತ್ತಿದ್ದರು. ದ್ಮಿತ್ರಿ ತೊರ್‌ಬಿನ್‌ಸ್ಕಿಗೆ ಕೊಟ್ಟ ಆ ಕ್ರಾಸ್, ಆಮೇಲೆ ತಾವೇ ಹೊಡೆದ ಗೋಲು, ತುಟಿಯ ಮೇಲೆ ಬೆರಳಿಟ್ಟುಕೊಂಡ ಆ ಸಂಭ್ರಮ! ಸದ್ದಿಲ್ಲದ ಟಿವಿಯ ಮುಂದೆ ಕುಳಿತವನಿಗೆ ಅದು ನನಗೇ ಹೇಳಿದಂತಿತ್ತು. 3–1. ಸೆಮಿಫೈನಲ್‌ನಲ್ಲಿ ಸ್ಪೇನ್ 3–0ರಿಂದ ಗೆದ್ದಿತು, ಆದರೂ ಆ ವರ್ಷದ ಬಾಲನ್ ಡೋರ್ ಪಟ್ಟಿಯಲ್ಲಿ ಅರ್ಶವಿನ್ ಆರನೆಯವರಾದರು.

2009ರ ಫೆಬ್ರುವರಿಯ ಮೊದಲ ದಿನಗಳಲ್ಲಿ, ಲಂಡನ್ ಹಿಮದಲ್ಲಿ ಮುಳುಗಿದ್ದಾಗ, ವರ್ಗಾವಣೆಯ ಗಡುವಿನ ಅಂಚಿನಲ್ಲಿ ಆರ್ಸೆನಲ್ ಸೇರಿದರು. ಆಗವರಿಗೆ 27 ದಾಟಿತ್ತು. ರಷ್ಯಾದ ಲೀಗ್ ಆಗ ವಸಂತದಿಂದ ಶರತ್ಕಾಲದವರೆಗೆ ನಡೆಯುತ್ತಿತ್ತು. ಯುರೋಪಿನ ದೊಡ್ಡ ಲೀಗ್‌ಗಳದು ಅದರ ತಿರುಗುಮುರುಗು. ಹಾಗಾಗಿ ಜನವರಿಯಲ್ಲಿ ಹೊರಟ ರಷ್ಯನ್ ಆಟಗಾರ ವಾರಗಟ್ಟಲೆ ಪಂದ್ಯ ಆಡದ ಕಾಲಿನಲ್ಲಿ, ಅಲ್ಲಿನವರು ಓಟದ ಉತ್ತುಂಗದಲ್ಲಿರುವಾಗ ಬಂದಿಳಿಯುತ್ತಿದ್ದ. 2011–12ರಲ್ಲಿ ಮಾತ್ರ ರಷ್ಯಾ ಕ್ಯಾಲೆಂಡರ್ ಬದಲಾಯಿಸಿತು. ಆದರೂ ಅದೇ 2009ರ ಏಪ್ರಿಲ್ 21ರಂದು ಲಿವರ್‌ಪೂಲ್‌ನ ಅಂಗಳದಲ್ಲಿ ಅರ್ಶವಿನ್ ಒಬ್ಬರೇ ನಾಲ್ಕು ಗೋಲು ಹೊಡೆದರು, ಪಂದ್ಯ 4–4. ಆ ರಾತ್ರಿಗೆ ಸಮನಾದದ್ದು ಮತ್ತೆ ಬರಲಿಲ್ಲ. 2012ರ ಯುರೋ ಕಪ್‌ನಲ್ಲಿ ಗ್ರೀಸ್ ವಿರುದ್ಧ ಸೋತು ಹೊರಬಿದ್ದಾಗ, ನಿಮ್ಮ ನಿರೀಕ್ಷೆ ನಿಮ್ಮ ಸಮಸ್ಯೆ ಎಂಬಂತೆ ಅಭಿಮಾನಿಗಳಿಗೆ ಹೇಳಿ ನಾಯಕನಾಗಿದ್ದವರೇ ಎಲ್ಲರ ಕೋಪಕ್ಕೆ ಗುರಿಯಾದರು. ಅರ್ಶವಿನ್ ವಿಷಯದಲ್ಲಿ ಸ್ವಭಾವದ ಪಾಲೂ ಇದೆ ಎಂದು ನಾನು ಒಪ್ಪುತ್ತೇನೆ.

ಆದರೆ ಉಳಿದವರು ಹೊರಡಲೇ ಇಲ್ಲವಲ್ಲ, ಅದಕ್ಕೆ ಕಾರಣ ಬೇರೆ. ಆ 2008ರ ಯುರೋ ತಂಡದಲ್ಲಿ ವಿದೇಶಿ ಕ್ಲಬ್ಬಿನಲ್ಲಿ ಆಡುತ್ತಿದ್ದವರು ಒಬ್ಬರೇ, ಇವಾನ್ ಸಯೆಂಕೊ. ಹತ್ತು ವರ್ಷದ ನಂತರ 2018ರ ವಿಶ್ವಕಪ್‌ನ 23 ಮಂದಿಯಲ್ಲಿ ಇಬ್ಬರೇ. ಲೀಗಿನಲ್ಲಿ ವಿದೇಶಿಯರ ಸಂಖ್ಯೆಗೆ ಮಿತಿ ಹಾಕಿದ್ದು ಮನೆಯ ಹುಡುಗರನ್ನು ಬೆಳೆಸಲೆಂದು. 2015ರಿಂದ ಅದು ಇನ್ನೂ ಬಿಗಿಯಾಗಿ, ಮೈದಾನದಲ್ಲಿ ಆರಕ್ಕಿಂತ ಹೆಚ್ಚು ವಿದೇಶಿಯರು ಇರುವಂತಿರಲಿಲ್ಲ. ಐವರು ರಷ್ಯನ್ನರು ಇರಲೇಬೇಕಿತ್ತು. ಪರಿಣಾಮ ಊಹಿಸಲು ಕಷ್ಟವಿಲ್ಲ. ಒಳ್ಳೆಯ ರಷ್ಯನ್ ಆಟಗಾರ ಕೊರತೆಯ ಸರಕಾದ. ಹೊರಗಿನ ಕ್ಲಬ್ಬುಗಳು ಕೊಡಲಾರದ ಸಂಬಳ ಮನೆಯಲ್ಲೇ ಸಿಕ್ಕಿತು. ಇಪ್ಪತ್ತೆರಡರ ಹುಡುಗ ಕಡಿಮೆ ಸಂಬಳಕ್ಕೆ ಗುರುತಿಲ್ಲದ ಊರಿಗೆ ಹೋಗಿ ಬೆಂಚಿನಲ್ಲಿ ಕೂರಲು ಒಪ್ಪದಿದ್ದರೆ ಅದನ್ನು ಸೋಮಾರಿತನ ಎನ್ನಲು ನನಗೆ ಬಾಯಿ ಬರುವುದಿಲ್ಲ.

ದೆನಿಸೊವ್ ಕತೆ ಇಲ್ಲೇ ಹೇಳಬೇಕು. 2012ರ ಸೆಪ್ಟೆಂಬರ್‌ನಲ್ಲಿ ಜೆನಿತ್ ಹಲ್ಕ್ ಮತ್ತು ಆಕ್ಸೆಲ್ ವಿಟ್ಸೆಲ್ ಇಬ್ಬರನ್ನು ತಲಾ ಸುಮಾರು 4 ಕೋಟಿ ಯೂರೊ ಕೊಟ್ಟು ತಂದಿತು. ಕ್ಲಬ್ಬಿನಲ್ಲೇ ಬೆಳೆದ ದೆನಿಸೊವ್ ತಮ್ಮ ಸಂಬಳವೂ ಪರಿಷ್ಕರಣೆಯಾಗಲಿ ಎಂದು ಪಟ್ಟುಹಿಡಿದರು. ಅವರನ್ನು ಕಿರಿಯರ ತಂಡಕ್ಕೆ ದೂಡಿದರು. ದುರಾಸೆಯವ ಎಂಬ ಪಟ್ಟ ಬಂತು. ಮುಂದೆ ಆಂಜಿ, ಡೈನಮೊ, ಎಲ್ಲೆಡೆ ಜಗಳ. ಡೈನಮೊದಲ್ಲಿ ಜಗಳವಾಡಿದ ಕೋಚ್ ಸ್ತಾನಿಸ್ಲಾವ್ ಚೆರ್ಚೆಸೊವ್ ಮುಂದೆ ರಾಷ್ಟ್ರೀಯ ತಂಡದ ಕೋಚ್ ಆದರು. 2018ರಲ್ಲಿ ಲೊಕೊಮೊತಿವ್ ನಾಯಕನಾಗಿ ದೆನಿಸೊವ್ ಲೀಗ್ ಗೆದ್ದರೂ ತಮ್ಮದೇ ದೇಶದಲ್ಲಿ ನಡೆದ ವಿಶ್ವಕಪ್‌ಗೆ ಕರೆ ಬರಲಿಲ್ಲ. ಇದೇ ಮನುಷ್ಯ 2022ರ ಜೂನ್‌ನಲ್ಲಿ ರಷ್ಯಾದೊಳಗೇ ಕುಳಿತು, ಉಕ್ರೇನ್ ಮೇಲಿನ ಯುದ್ಧ ಘೋರ ಎಂದು ಸಂದರ್ಶನದಲ್ಲಿ ಬಹಿರಂಗವಾಗಿ ಹೇಳಿದರು. ಇದಕ್ಕೆ ಜೈಲು ಬರಬಹುದು, ಜೀವಕ್ಕೂ ಕುತ್ತು ಬರಬಹುದು ಎಂದು ಗೊತ್ತಿದ್ದೇ ಹೇಳಿದರು. ಹತ್ತು ವರ್ಷ ಜಗಳಗಂಟ ಎನಿಸಿಕೊಂಡವರಲ್ಲಿ ಎಂಥ ಬೆನ್ನುಮೂಳೆ ಇತ್ತೆಂದು ಅಂದು ಕಂಡಿತು.

2018ರ ಜೂನ್ 14, ಲುಜ್ನಿಕಿ ಮೈದಾನ. ಸೌದಿ ಅರೇಬಿಯಾ ವಿರುದ್ಧ ಉದ್ಘಾಟನಾ ಪಂದ್ಯ. ಕುಜ್‌ಬಾಸ್ ಕಲ್ಲಿದ್ದಲ ಸೀಮೆಯ ಕಲ್ತಾನ್ ಎಂಬ ಪುಟ್ಟ ಪಟ್ಟಣದಿಂದ ಬಂದ 22ರ ಅಲೆಕ್ಸಾಂದರ್ ಗೊಲೊವಿನ್ ಮೊದಲ ಗೋಲಿಗೆ ಚೆಂಡು ಎತ್ತಿಕೊಟ್ಟರು. ಯೂರಿ ಗಜಿನ್‌ಸ್ಕಿ ತಲೆಯಿಂದ ಹೊಡೆದರು. ಸ್ವಲ್ಪ ಹೊತ್ತಿಗೆ ಜಗೊಯೆವ್ ತೊಡೆಯ ಸ್ನಾಯು ಹಿಡಿದುಕೊಂಡು ಕುಸಿದರು. ಅವರ ಬದಲು ಬಂದ ದೆನಿಸ್ ಚೆರಿಶೆವ್ ಎರಡು ಗೋಲು ಹೊಡೆದರು. ಅಪ್ಪ ಸ್ಪೇನಿನಲ್ಲಿ ಆಡುತ್ತಿದ್ದುದರಿಂದ ಚಿಕ್ಕಂದಿನಿಂದ ಅಲ್ಲೇ ಬೆಳೆದು ರಿಯಲ್ ಮ್ಯಾಡ್ರಿಡ್ ಶಾಲೆಯಲ್ಲಿ ಕಲಿತವರು ಚೆರಿಶೆವ್. ಟೂರ್ನಿಯಲ್ಲಿ ಅವರದು ಒಟ್ಟು ನಾಲ್ಕು ಗೋಲು. ಕ್ರೊಯೇಷಿಯಾ ವಿರುದ್ಧ ದೂರದಿಂದ ಎಡಗಾಲಲ್ಲಿ ತಿರುಗಿಸಿದ್ದು ನೋಡಿದವರು ಮರೆಯಲಾರರು. ಆ ಪಂದ್ಯ ಪೆನಾಲ್ಟಿಯಲ್ಲಿ ಕೈತಪ್ಪಿತು. ಮನೆಯಲ್ಲೇ ಬೆಳೆದ ಜಗೊಯೆವ್ ಕುಂಟುತ್ತ ಹೊರಹೋಗಿ, ಹೊರಗೆ ಬೆಳೆದ ಚೆರಿಶೆವ್ ಒಳಬಂದ ಆ ಕ್ಷಣವನ್ನು ನಾನು ಮತ್ತೆ ಮತ್ತೆ ನೆನೆಯುತ್ತೇನೆ. ಜಗೊಯೆವ್ 2012ರ ಯುರೋದಲ್ಲಿ ಮೂರು ಗೋಲು ಹೊಡೆದಾಗ ಅವರಿಗೂ 22ರ ಆಸುಪಾಸು. ಆಗ ಹೊರಟಿದ್ದರೆ?

ಸೌದಿ ವಿರುದ್ಧದ ಪಂದ್ಯದ ಕೊನೆಯ ಒದೆ ಗೊಲೊವಿನ್ ಅವರ ಫ್ರೀಕಿಕ್. ಗೋಡೆಯ ಮೇಲಿಂದ ಬಾಗಿ ಬಲೆಗೆ ಬಿತ್ತು, 5–0. ಅವರು ತಡಮಾಡಲಿಲ್ಲ. ಆರು ವಾರ ಕಳೆಯುವಷ್ಟರಲ್ಲಿ 3 ಕೋಟಿ ಯೂರೊಗೆ ಮೊನಾಕೊ ಸೇರಿ, ವರ್ಷಗಟ್ಟಲೆ ಅಲ್ಲೇ ನೆಲೆಯೂರಿದರು. ಗಾಯಗಳು ಬಂದವು, ಕೋಚ್‌ಗಳು ಬದಲಾದರು, ಇವರು ಉಳಿದರು. ಸಾಲಿನಲ್ಲಿ ಹಿಂದಿನವರು ಮಾಡಿದ ತಪ್ಪು ಯಾವುದನ್ನೂ ಮಾಡದ ಆಟಗಾರ.

2022ರ ಫೆಬ್ರುವರಿ 24ರಂದು ರಷ್ಯಾ ಉಕ್ರೇನ್ ಮೇಲೆ ಪೂರ್ಣ ದಾಳಿ ನಡೆಸಿತು. ಅದೇ ತಿಂಗಳ 28ಕ್ಕೆ ಫಿಫಾ ಮತ್ತು ಯುಇಎಫ್‌ಎ ರಷ್ಯಾದ ತಂಡಗಳನ್ನೂ ಕ್ಲಬ್ಬುಗಳನ್ನೂ ತಮ್ಮ ಟೂರ್ನಿಗಳಿಂದ ಹೊರಗಿಟ್ಟವು. ಮೈದಾನ, ಮನೆ, ಜೀವ ಕಳೆದುಕೊಂಡ ಉಕ್ರೇನಿನ ಆಟಗಾರರ ಮುಂದೆ ಈ ನಿಷೇಧವನ್ನು ಅನ್ಯಾಯ ಎಂದು ಕರೆಯಲು ನನ್ನಿಂದ ಆಗದು. ಆದರೂ ಮಿಡ್‌ಫೀಲ್ಡರ್‌ಗಳ ಈ ಸಾಲಿನಲ್ಲಿ ಅದರ ಗುರುತು ದಾಖಲಾಗಲೇಬೇಕು. ಡೈನಮೊದ ಅರ್ಸೆನ್ ಜಖರ್ಯಾನ್ ಅವರನ್ನು ಚೆಲ್ಸಿ ಕೊಳ್ಳಲು ಹೊರಟಾಗ ಹಣ ವರ್ಗಾಯಿಸಲು ನಿರ್ಬಂಧಗಳು ಅಡ್ಡಬಂದವು. ಮರುವರ್ಷ ಸ್ಪೇನಿನ ರಿಯಲ್ ಸೊಸಿಯೆದಾದ್‌ಗೆ ಹೋದರು. ತಾಯ್ನಾಡಿನ ತಂಡಕ್ಕೆ ಈಗ ಸೌಹಾರ್ದ ಪಂದ್ಯಗಳಷ್ಟೇ.

ಚೆರೆಂಕೊವ್‌ಗೆ ಕೈತಪ್ಪಿದ್ದು 1982, 1986, 1990ರ ವಿಶ್ವಕಪ್. ಗೊಲೊವಿನ್‌ಗೆ ತಪ್ಪಿದ್ದು 2022 ಮತ್ತು 2026. ಅದರ ಮುಂದಿನದು 2030ರ ಬೇಸಿಗೆಯಲ್ಲಿ. ಆ ವರ್ಷದ ಮೇ 30ಕ್ಕೆ ಅವರಿಗೆ 34 ತುಂಬುತ್ತದೆ.